ಹಳೆಯ ಬೆಕ್ಕು ಊಟ ಬಿಟ್ಟಾಗ



ದನ, ಎಮ್ಮೆ, ಕುರಿ, ಕೋಳಿಗಳ ಬಗ್ಗೆ ಮಾತಾಡಲು ನನ್ನನ್ನು ಕರೆಯುವುದು ವಾಡಿಕೆ. ಹಸು ಮೇವು ಬಿಟ್ಟರೆ ಇಡೀ ಮನೆಯೇ ಎದ್ದು ಕೂರುತ್ತದೆ; ಅರ್ಧರಾತ್ರಿಯಲ್ಲಿ ಡಾಕ್ಟರನ್ನು ಎಬ್ಬಿಸಲು ಯಾರೂ ಹಿಂಜರಿಯುವುದಿಲ್ಲ. ಬೆಕ್ಕು ಊಟ ಬಿಟ್ಟರೆ? ಆಸ್ಪತ್ರೆಯ ಬಾಗಿಲಲ್ಲಿ ಎಲ್ಲರಿಗಿಂತ ಹಿಂದೆ ನಿಂತು, ಮಿಕ್ಕವರು ಹೋದ ಮೇಲೆ, "ನಗಬೇಡಿ ಸಾರ್, ಒಂದು ಬೆಕ್ಕಿನ ವಿಷಯ" ಎಂದು ಮಾತು ತೆಗೆಯುವವರನ್ನು ನನ್ನ ನೌಕರಿಯ ಉದ್ದಕ್ಕೂ ಕಂಡಿದ್ದೇನೆ. ಇವತ್ತು ಅವರ ಆ ವಿಷಯವನ್ನೇ ಎತ್ತಿಕೊಂಡಿದ್ದೇನೆ. ಅದರಲ್ಲೂ ಮುದಿ ಬೆಕ್ಕಿನ ವಿಷಯ. ಇದಕ್ಕೆ ನಾನೇ ಮಾಡಿದ ಒಂದು ತಪ್ಪೂ ಕಾರಣ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮಲೆನಾಡಿನ ನಮ್ಮ ಮನೆಯಲ್ಲಿ ತಾಯಿಯವರ ಜೊತೆಗೆ ಕೆಂಚ ಎಂಬ ಗಂಡು ಬೆಕ್ಕೊಂದಿತ್ತು. 2017ರ ಮಳೆಗಾಲದಲ್ಲಿ ಅದಕ್ಕೆ 14 ವರ್ಷ. ಬೆಕ್ಕಿನ ಮೊದಲ ಎರಡು ವರ್ಷಗಳನ್ನು ಮನುಷ್ಯರ 24 ವರ್ಷಕ್ಕೆ ಸಮವೆಂದೂ, ಆಮೇಲಿನ ಒಂದೊಂದು ವರ್ಷವನ್ನು ನಾಲ್ಕೆಂದೂ ಎಣಿಸುವ ಲೆಕ್ಕವೊಂದಿದೆ. ಆ ಪ್ರಕಾರ ಕೆಂಚನಿಗೆ 72. ತಾಯಿಯವರಿಗೆ 78. "ಕೆಂಚ ಮೊನ್ನೆಯಿಂದ ಬಟ್ಟಲು ಮುಟ್ಟಿಲ್ಲ ಕಣೋ" ಎಂದು ಅವರು ಫೋನಿನಲ್ಲಿ ಹೇಳಿದಾಗ ಪಶುವೈದ್ಯನಾದ ನಾನು ಕೊಟ್ಟ ಉತ್ತರ ಇದು: "ವಯಸ್ಸಾಯ್ತಲ್ಲಮ್ಮ, ಮಳೆ ಬೇರೆ. ಹಸಿವಾದರೆ ತಾನೇ ತಿನ್ನತ್ತೆ ಬಿಡು." ಅವರೂ, "ಹೂಂ, ಏಕಾದಶಿ ಮಾಡ್ತಿದಾನೆ ಅಂದ್ಕೋತೀನಿ" ಎಂದು ಫೋನಿಟ್ಟರು. ಭಾನುವಾರ ನಾನು ಊರಿಗೆ ಹೋದಾಗ ಐದನೆಯ ದಿನ. ಹಟ್ಟಿಬಾಗಿಲ ಬೆಳಕಿಗೆ ಹಿಡಿದು ನೋಡಿದರೆ ಕೆಂಚನ ಕಿವಿಯ ಒಳಭಾಗ ಅರಿಶಿನ ಸವರಿದ ಹಾಗೆ ಹಳದಿ. ವಸಡೂ ಹಳದಿ. ಕಾಮಾಲೆ ಹತ್ತಿತ್ತು.

ಐದು ದಿನ ಊಟವಿಲ್ಲದ್ದಕ್ಕೆ ಕಾಮಾಲೆ ಏಕೆ ಎಂದು ನೀವು ಕೇಳಬಹುದು. ಇದು ಬೆಕ್ಕಿನ ಜಾತಿಗೇ ಇರುವ ದೌರ್ಬಲ್ಯ. ಊಟ ನಿಂತಾಗ ಯಾವ ಪ್ರಾಣಿಯೇ ಆದರೂ ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸಿ ಯಕೃತ್ತಿಗೆ, ಅಂದರೆ ಲಿವರಿಗೆ, ಕಳಿಸುತ್ತದೆ. ಅಲ್ಲಿ ಅದು ಶಕ್ತಿಯಾಗಿ ಮಾರ್ಪಟ್ಟು ಮೈಗೆಲ್ಲ ಹಂಚಿಕೆಯಾಗಬೇಕು. ಬೆಕ್ಕಿನ ಯಕೃತ್ತಿಗೆ ಹೀಗೆ ಬಂದ ಕೊಬ್ಬನ್ನು ಬೇಗ ಬೇಗ ಸಾಗಹಾಕುವ ತ್ರಾಣವಿಲ್ಲ. ಸಾಗಹಾಕುವುದಕ್ಕೆ ಬೇಕಾದ ಪ್ರೋಟೀನು ಊಟದಿಂದಲೇ ಬರಬೇಕು, ಊಟವೇ ಇಲ್ಲ. ಕೊಬ್ಬು ಅಲ್ಲೇ ತುಂಬಿಕೊಂಡು ಯಕೃತ್ತು ಕೆಲಸ ನಿಲ್ಲಿಸುತ್ತದೆ. ಯಕೃತ್ತು ಕೆಟ್ಟಿತೆಂದರೆ ವಾಕರಿಕೆ ಬರುತ್ತದೆ, ವಾಕರಿಕೆ ಬಂದರೆ ಬೆಕ್ಕು ಇನ್ನೂ ತಿನ್ನುವುದಿಲ್ಲ. ಮೊದಲು ಊಟ ಬಿಡಿಸಿದ ಕಾರಣ ಸಣ್ಣದಿರಬಹುದು, ಅದು ವಾಸಿಯೂ ಆಗಿರಬಹುದು. ಈ ಎರಡನೆಯ ಕಾಯಿಲೆ ಮಾತ್ರ ಬೆಕ್ಕನ್ನು ತೆಗೆದುಕೊಂಡು ಹೋಗುತ್ತದೆ. ಗುಂಡಗಿರುವ ಬೆಕ್ಕಿಗೆ ಅಪಾಯ ಹೆಚ್ಚು. "ಮೈಯಲ್ಲಿ ಶಕ್ತಿ ಇದೆ, ನಾಲ್ಕು ದಿನ ತಡೆಯುತ್ತೆ" ಎಂಬ ನಮ್ಮ ಎಣಿಕೆ ಇಲ್ಲಿ ತಲೆಕೆಳಗು.

ಆದ್ದರಿಂದ ನೀವು ಇಟ್ಟುಕೊಳ್ಳಬೇಕಾದ ಗಡುವು ಇಷ್ಟೇ: ಮುದಿ ಬೆಕ್ಕು ಒಂದು ಹಗಲು ಒಂದು ರಾತ್ರಿ ಏನನ್ನೂ ಮುಟ್ಟದಿದ್ದರೆ ವೈದ್ಯರಿಗೆ ತಿಳಿಸಬೇಕು. ಎರಡನೆಯ ದಿನ ಮುಗಿಯುವುದರೊಳಗೆ ಅದು ವೈದ್ಯರ ಮೇಜಿನ ಮೇಲಿರಬೇಕು. ತಿಂದೂ ತಿನ್ನದ ಹಾಗೆ ದಿನಕ್ಕೆ ನಾಲ್ಕು ತುತ್ತು ಮೂಸಿ ಬಿಡುತ್ತಿದ್ದರೂ ಮೂರು ದಿನಕ್ಕಿಂತ ಹೆಚ್ಚು ಕಾಯಬಾರದು.

ಇನ್ನು, ಏಕೆ ತಿನ್ನುತ್ತಿಲ್ಲ ಎಂಬ ಪ್ರಶ್ನೆ. ಆಸ್ಪತ್ರೆಗೆ ಹೊರಡುವ ಮೊದಲು ಬಟ್ಟಲನ್ನಿಟ್ಟು ಎರಡು ನಿಮಿಷ ದೂರದಲ್ಲಿ ಕೂತು ನೋಡಿ. ಬೆಕ್ಕು ಬಟ್ಟಲ ಬಳಿಗೆ ಬರುತ್ತದೆಯೇ, ಅಥವಾ ಮೂಲೆ ಬಿಟ್ಟು ಏಳುವುದೇ ಇಲ್ಲವೇ? ಬಂದು, ಮೂಸಿ, ಒಂದು ತುತ್ತು ಕಚ್ಚಿ, ತಲೆ ಒಂದು ಕಡೆಗೆ ವಾಲಿಸಿ, ತುತ್ತನ್ನು ಕೆಳಗೆ ಬೀಳಿಸಿದರೆ ಅದಕ್ಕೆ ಹಸಿವಿದೆ, ತಿನ್ನಲಾಗುತ್ತಿಲ್ಲ. ಬಾಯಲ್ಲಿ ನೋವಿದೆ ಎಂದರ್ಥ. ಬಂದು ಮೂಸಿ, ತುಟಿ ನೆಕ್ಕಿಕೊಂಡು, ಜೊಲ್ಲು ನುಂಗಿಕೊಂಡು ಮುಖ ತಿರುಗಿಸಿದರೆ ವಾಕರಿಕೆ. ಎದ್ದು ಬರುವುದೇ ಇಲ್ಲವೆಂದರೆ ಜ್ವರ, ನೋವು, ನಿತ್ರಾಣ ಯಾವುದೂ ಇರಬಹುದು. ನಮ್ಮ ಕೆಂಚ ಮೂರು ದಿನವೂ ಬಟ್ಟಲಿನವರೆಗೆ ಬಂದು ಕೂತಿದ್ದನೆಂದು ತಾಯಿಯವರು ಆಮೇಲೆ ಹೇಳಿದರು. ನಾನು ಫೋನಿನಲ್ಲಿ ಅದನ್ನು ಕೇಳಲೇ ಇಲ್ಲ. ಬಾಯಿ ತೆರೆಸಿ ನೋಡಿದಾಗ ಮೇಲಿನ ದವಡೆಯ ಹಿಂದಿನ ಹಲ್ಲೊಂದು ಒಡೆದು, ಬುಡದಲ್ಲಿ ಕೀವು ತುಂಬಿತ್ತು.

ಬಾಯಿ ನೋಡುವ ಮಾತು ಬಂತು, ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಹೊರಗೆ ತಿರುಗಾಡುವ, ಲಸಿಕೆ ಹಾಕಿಸದ ಬೆಕ್ಕು ಊಟ ಬಿಟ್ಟು ಜೊಲ್ಲು ಸುರಿಸುತ್ತಿದ್ದರೆ, ಕೂಗಿನಲ್ಲೋ ನಡೆಯಲ್ಲೋ ಸ್ವಭಾವದಲ್ಲೋ ಬದಲಾವಣೆ ಕಂಡರೆ, ಬೆರಳು ಹಾಕಿ ಬಾಯಿ ತೆರೆಸಲು ಹೋಗಲೇಬೇಡಿ. ರೇಬಿಸ್ ನಾಯಿಗೆ ಮಾತ್ರ ಬರುವ ರೋಗವಲ್ಲ. ಕಚ್ಚಿತೋ ಪರಚಿತೋ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ.

ಹಲ್ಲನ್ನು ಬಿಟ್ಟರೆ ಮುದಿ ಬೆಕ್ಕಿನಲ್ಲಿ ಅತಿ ಸಾಮಾನ್ಯವಾದ ಕಾರಣ ಮೂತ್ರಪಿಂಡ. ಬೆಕ್ಕಿನ ಮೂಲಪುರುಷ ಆಫ್ರಿಕದ ಕಾಡುಬೆಕ್ಕು, ಒಣಭೂಮಿಯ ಪ್ರಾಣಿ. ನೀರು ಕಡಿಮೆ ಕುಡಿದು, ಬೇಟೆಯ ಮೈಯಲ್ಲಿರುವ ನೀರಿನಲ್ಲೇ ಕಾಲ ಹಾಕಿ, ಮೂತ್ರವನ್ನು ಬಹಳ ಗಟ್ಟಿಯಾಗಿ ಹೊರಬಿಡುವಂಥ ಮೂತ್ರಪಿಂಡ ಅದರದು. ಆಯುಷ್ಯವಿಡೀ ಹೀಗೆ ದುಡಿದ ಅಂಗ ವಯಸ್ಸಾದಂತೆ ಸವೆಯುತ್ತದೆ. ಸುಮಾರು ಮೂರನೇ ಎರಡು ಭಾಗ ಸವೆದಾಗ ಮೂತ್ರ ತೆಳುವಾಗುತ್ತದೆ. ನಾಲ್ಕರಲ್ಲಿ ಮೂರು ಭಾಗ ಹೋದ ಮೇಲಷ್ಟೇ ರಕ್ತಪರೀಕ್ಷೆಯ ಕ್ರಿಯಾಟಿನಿನ್ ಏರುವುದು. ಅಂದರೆ ಕಾಗದದಲ್ಲಿ ಕಾಣುವ ಬಹಳ ಮೊದಲೇ ಮನೆಯವರಿಗೆ ಕಾಣುವ ಗುರುತುಗಳಿವೆ. ಹಿಂದೆಂದೂ ನೀರಿನ ಬಟ್ಟಲು ಮುಟ್ಟದ ಬೆಕ್ಕು ಬಚ್ಚಲಿನ ನಲ್ಲಿಯ ಹತ್ತಿರ ಕೂರುತ್ತದೆ. ಮರಳಿನ ತಟ್ಟೆಯಲ್ಲಿ ಒದ್ದೆ ಉಂಡೆಗಳು ದೊಡ್ಡದಾಗುತ್ತವೆ. ಬೆನ್ನಿನ ಮೂಳೆ ಕೈಗೆ ಸಿಗುತ್ತದೆ. ರೋಗ ಬಲಿತಾಗ ರಕ್ತದಲ್ಲಿ ಕಲ್ಮಶ ನಿಂತು ವಾಕರಿಕೆ, ಬಾಯಿಹುಣ್ಣು, ಬಾಯಿಯಿಂದ ಕೆಟ್ಟ ವಾಸನೆ. ಕೆಲವು ಬೆಕ್ಕುಗಳಲ್ಲಿ ಪೊಟ್ಯಾಸಿಯಂ ಇಳಿದು ಕತ್ತು ಎತ್ತಲಾಗದೆ ಗದ್ದ ಎದೆಗೆ ತಾಗುವ ಹಾಗೆ ಜೋಲುತ್ತದೆ. ನಾಚಿಕೆಯಿಂದ ತಲೆ ತಗ್ಗಿಸಿದೆಯೆಂದು ನಗಬೇಡಿ, ಅದು ತುರ್ತು.

ಥೈರಾಯ್ಡ್ ಹೆಚ್ಚಾದ ಬೆಕ್ಕಿನ ಕಥೆ ಬೇರೆ. ಅದು ಸಿಕ್ಕಿದ್ದನ್ನೆಲ್ಲ ತಿಂದೂ ಸೊರಗುತ್ತದೆ, ಕೊನೆಗೊಂದು ದಿನ ಊಟ ಬಿಡುತ್ತದೆ. ಸಕ್ಕರೆ ಕಾಯಿಲೆ, ಮೇದೋಜೀರಕದ ಉರಿ, ಕರುಳಿನ ಗಡ್ಡೆ, ಮಲಬದ್ಧತೆ, ಕೀಲುನೋವಿನಿಂದ ಬಟ್ಟಲಿಗೆ ಬಾಗಲಾಗದಿರುವುದು, ಇವೆಲ್ಲವೂ ಪಟ್ಟಿಯಲ್ಲಿವೆ. ಇವುಗಳನ್ನು ಬೇರ್ಪಡಿಸುವುದು ವೈದ್ಯರ ಕೆಲಸ. ನೀವು ತಪ್ಪದೆ ಗಮನಿಸಬೇಕಾದದ್ದು ಇನ್ನೊಂದಿದೆ. ಗಂಡು ಬೆಕ್ಕು ಪದೇ ಪದೇ ಮರಳಿಗೆ ಹೋಗಿ, ತಿಣುಕಿ, ಒಂದು ಹನಿಯೂ ಬರದೆ ವಾಪಸಾಗುತ್ತಿದ್ದರೆ ಮೂತ್ರನಾಳ ಕಟ್ಟಿದೆ. ಅದಕ್ಕೆ ದಿನಗಳ ಗಡುವಿಲ್ಲ, ಗಂಟೆಗಳದು.

ನಮ್ಮ ಕಡೆಯ ಸಸ್ಯಾಹಾರಿ ಮನೆಗಳ ಬೆಕ್ಕಿನ ಬಗ್ಗೆ ಪ್ರತ್ಯೇಕವಾಗಿ ಒಂದು ಮಾತು. "ನಮ್ಮ ಬೆಕ್ಕು ಹಾಲು ಅನ್ನ ತಿಂದೇ ಹತ್ತು ವರ್ಷ ಬದುಕಿದೆ" ಎನ್ನುವವರು ಬಹಳ. ಅದು ಹಾಲು ಅನ್ನದಿಂದ ಬದುಕಿದ್ದಲ್ಲ. ಕೊಟ್ಟಿಗೆಯಲ್ಲಿ, ಅಟ್ಟದಲ್ಲಿ, ತೋಟದಲ್ಲಿ ತಾನೇ ಹಿಡಿದ ಇಲಿ, ಓತಿಕ್ಯಾತಗಳಿಂದ ಬದುಕಿದ್ದು. ಬೆಕ್ಕಿಗೆ ಟಾರಿನ್ ಎಂಬ ವಸ್ತು ಮಾಂಸದಿಂದಲೇ ಬರಬೇಕು. ಅದು ಸಾಲದಿದ್ದರೆ ಕಣ್ಣಿನ ಅಕ್ಷಿಪಟಲ ಕೆಡುತ್ತದೆಂದು 1970ರ ದಶಕದಲ್ಲೂ, ಹೃದಯದ ಸ್ನಾಯು ಸಡಿಲವಾಗುತ್ತದೆಂದು 1987ರಲ್ಲೂ ಗೊತ್ತಾಯಿತು. ಮುಪ್ಪು ಬಂದು, ಕೀಲು ಹಿಡಿದು, ಹಲ್ಲು ಹೋಗಿ ಬೇಟೆ ನಿಂತಾಗ ಬೆಕ್ಕಿಗೆ ಉಳಿಯುವುದು ನೀವು ಹಾಕುವ ಹಾಲು ಅನ್ನ ಮಾತ್ರ. ಬಹಳಷ್ಟು ಬೆಕ್ಕುಗಳಿಗೆ ಬೆಳೆದ ಮೇಲೆ ಹಾಲು ಅರಗುವುದೂ ಇಲ್ಲ, ಹೊಟ್ಟೆ ಕೆಡುತ್ತದೆ. ನಮ್ಮ ತಾಯಿಯವರು ಕೆಂಚ ಹಾಲು ಕುಡಿಯಲೆಂದು ಎರಡು ಚಮಚ ಸಕ್ಕರೆಯನ್ನೂ ಬೆರೆಸಿದ್ದರು. ಪಾಪ, ಅದರಿಂದ ಪ್ರಯೋಜನವಿಲ್ಲ. ಬೆಕ್ಕಿನ ನಾಲಿಗೆಗೆ ಸಿಹಿಯ ರುಚಿಯೇ ತಿಳಿಯದು. ಅದನ್ನು ತಿಳಿಸುವ ಜೀನು ಬೆಕ್ಕಿನಲ್ಲಿ ಕೆಲಸ ಮಾಡುವುದಿಲ್ಲವೆಂದು 2005ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ವೈದ್ಯರನ್ನು ಕಾಣುವವರೆಗೆ, ಕಂಡು ಬಂದ ಮೇಲೂ, ಮಾಡಬಹುದಾದದ್ದು ಸಾಕಷ್ಟಿದೆ. ಬೆಕ್ಕು ಊಟವನ್ನು ನಾಲಿಗೆಗಿಂತ ಮೂಗಿನಿಂದ ಹೆಚ್ಚು ಅಳೆಯುತ್ತದೆ. ವಯಸ್ಸಾದಂತೆ ಮೂಗೂ ಮಂದ. ನೆಗಡಿಯಿಂದ ಕಟ್ಟಿಕೊಂಡಿದ್ದರಂತೂ ಬಟ್ಟಲಿನಲ್ಲಿರುವುದು ಅದರ ಪಾಲಿಗೆ ಊಟವೇ ಅಲ್ಲ. ಹದವಾದ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಮೂಗನ್ನು ಒರೆಸಿ. ಊಟವನ್ನು ಉಗುರುಬೆಚ್ಚಗೆ ಮಾಡಿ. ಬೆಕ್ಕಿನ ಮೈ ಶಾಖ 38ರಿಂದ 39 ಡಿಗ್ರಿ. ಆಗತಾನೆ ಹಿಡಿದ ಇಲಿಯ ಶಾಖವೂ ಹೆಚ್ಚುಕಡಿಮೆ ಅಷ್ಟೇ. ಫ್ರಿಜ್ಜಿನಿಂದ ತೆಗೆದದ್ದನ್ನು ಹಾಗೇ ಇಟ್ಟರೆ ಆರೋಗ್ಯವಂತ ಬೆಕ್ಕೂ ಮೂತಿ ತಿರುಗಿಸುತ್ತದೆ. ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿಮಾಂಸವನ್ನೋ ಮುಳ್ಳು ತೆಗೆದ ಮೀನನ್ನೋ ಬೆಂದ ನೀರಿನಲ್ಲೇ ಅರೆದು ಗಂಜಿಯ ಹದಕ್ಕೆ ತನ್ನಿ. ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನೇ ಒಡೆಯುತ್ತವೆ, ಆದ್ದರಿಂದ ನಿಮ್ಮ ಸಾರಿನ ಮೀನು ಬೇಡ. ಕೆಲವು ಜಾತಿಯ ಹಸಿ ಮೀನು ಬಿ-1 ಜೀವಸತ್ವವನ್ನು ಹಾಳುಮಾಡುತ್ತದೆ, ಆದ್ದರಿಂದ ಹಸಿಯದೂ ಬೇಡ. ಮಾಂಸ ಮನೆಗೆ ತರಲಾಗದವರು ಅಂಗಡಿಯ ತೇವದ ಬೆಕ್ಕಿನಾಹಾರವನ್ನು ತಂದು, ಅದೇ ರೀತಿ ಬೆಚ್ಚಗೆ ಮಾಡಿ ಕೊಡಬಹುದು.

ಬಟ್ಟಲಿನ ಬದಲು ಚಪ್ಪಟೆ ತಟ್ಟೆ ಮೇಲು, ಮೀಸೆಗೆ ಅಂಚು ತಾಗುವುದಿಲ್ಲ. ಕೀಲುನೋವಿನ ಬೆಕ್ಕಿಗೆ ತಟ್ಟೆಯನ್ನು ಒಂದು ಇಟ್ಟಿಗೆಯಷ್ಟು ಎತ್ತರದಲ್ಲಿಡಿ. ನೀರು ಬೇರೆ ಕಡೆ, ಮರಳಿನ ತಟ್ಟೆ ಇನ್ನೂ ದೂರ. ಒಮ್ಮೆಗೆ ಒಂದು ಚಮಚದಷ್ಟು ಇಟ್ಟು, ಅರ್ಧ ಗಂಟೆ ನೋಡಿ, ತೆಗೆದುಬಿಡಿ. ಒಂದು ಪುಟ್ಟ ಇಲಿಯಲ್ಲಿರುವುದು ಸುಮಾರು 30 ಕ್ಯಾಲೊರಿ. ದಿನಕ್ಕೆ ಹಲವು ಸಲ ಅಷ್ಟಷ್ಟೇ ತಿನ್ನುವುದು ಬೆಕ್ಕಿನ ಹುಟ್ಟುಗುಣ. ನಾಲ್ಕು ಕಿಲೋ ತೂಕದ, ಮಲಗಿರುವ ಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ಆದರೆ ಹಲವು ದಿನ ಉಪವಾಸವಿದ್ದ ಬೆಕ್ಕಿಗೆ ಮೊದಲ ದಿನವೇ ಅಷ್ಟನ್ನೂ ತುಂಬಬಾರದು. ಕಾಲು ಭಾಗದಿಂದ ಶುರುಮಾಡಿ ಮೂರು ನಾಲ್ಕು ದಿನದಲ್ಲಿ ಏರಿಸಬೇಕು. ಒಮ್ಮೆಲೇ ತುಂಬಿದರೆ ರಕ್ತದ ಲವಣಗಳು ಏರುಪೇರಾಗಿ ಪ್ರಾಣಕ್ಕೇ ಬರುತ್ತದೆ.

ಬಾಯಿಗೆ ಹಾಕಿ ತಿನ್ನಿಸುವುದರ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟುವಾದದ್ದು. ವಾಕರಿಕೆ ಇರುವ ಬೆಕ್ಕಿಗೆ ಒತ್ತಾಯದಿಂದ ಉಣಿಸಿದರೆ, ಆ ಆಹಾರದಿಂದಲೇ ತನಗೆ ಹೊಟ್ಟೆ ತೊಳೆಸಿತೆಂದು ಅದು ನೆನಪಿಟ್ಟುಕೊಳ್ಳುತ್ತದೆ. ವಾಸಿಯಾದ ಮೇಲೂ ಮುಟ್ಟುವುದಿಲ್ಲ. ಅದಕ್ಕೆ ಪ್ರಿಯವಾದ ಮೀನಿನಲ್ಲಿ ಕಹಿ ಮಾತ್ರೆ ಬಚ್ಚಿಟ್ಟರೂ ಇದೇ ಫಲ. ವೈದ್ಯರು ಉಣಿಸಲೇಬೇಕೆಂದು ಹೇಳಿದರೆ, ಸೂಜಿಯಿಲ್ಲದ 5 ಮಿಲಿಯ ಸಿರಿಂಜಿನಲ್ಲಿ ತೆಳುಗಂಜಿ ತುಂಬಿ, ತಲೆಯನ್ನು ಹಿಂದಕ್ಕೆ ಬಾಗಿಸದೆ, ಕೋರೆಹಲ್ಲಿನ ಹಿಂದಿನ ಸಂದಿನಿಂದ ಅರ್ಧ ಮಿಲಿಯಷ್ಟು ಬಿಡಿ. ನುಂಗಿತೇ ನೋಡಿ, ಆಮೇಲೆ ಮುಂದಿನದು. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಜೋಲುಬಿದ್ದು ಮಲಗಿರುವ ಬೆಕ್ಕಿಗೆ ಬಾಯಿಂದ ಏನನ್ನೂ ಹಾಕಬೇಡಿ.

ಮನೆಯ ಔಷಧದ ಡಬ್ಬಿಯ ಹತ್ತಿರ ಮಾತ್ರ ಹೋಗಬೇಡಿ. ಜ್ವರವಿರಬಹುದೆಂದು ಮಗುವಿಗೆ ಕೊಟ್ಟ ಹಾಗೆ ಕಾಲು ಮಾತ್ರೆ ಪ್ಯಾರಾಸಿಟಮಾಲ್ ಕೊಟ್ಟವರನ್ನು ಕಂಡಿದ್ದೇನೆ. ಅದನ್ನು ಕರಗಿಸಿ ಹೊರಹಾಕುವ ವ್ಯವಸ್ಥೆ ಬೆಕ್ಕಿನ ಯಕೃತ್ತಿನಲ್ಲಿ ಇಲ್ಲವೆಂಬಷ್ಟು ಕಡಿಮೆ. ವಸಡು ಕಂದುಬಣ್ಣಕ್ಕೆ ತಿರುಗಿ, ಮುಖ ಊದಿ, ಉಸಿರು ಸಿಗದೆ ಬೆಕ್ಕು ಸಾಯುತ್ತದೆ. ನಮ್ಮ ನೋವಿನ ಬೇರೆ ಮಾತ್ರೆಗಳೂ ಇದೇ ದಾರಿಯವು. ಹಸಿವು ಹುಟ್ಟಿಸುವ ಮಿರ್ಟಾಜಪಿನ್, ವಾಕರಿಕೆ ತಡೆಯುವ ಮಾರೋಪಿಟಂಟ್ ಮುಂತಾದ ಔಷಧಗಳು ಇವೆ, ಚೆನ್ನಾಗಿಯೇ ಕೆಲಸ ಮಾಡುತ್ತವೆ. ಎಷ್ಟು, ಯಾವಾಗ ಎಂಬುದನ್ನು ಪಶುವೈದ್ಯರೇ ಹೇಳಬೇಕು, ಅಂಗಡಿಯವರಲ್ಲ.

ಆಸ್ಪತ್ರೆಗೆ ಒಯ್ಯುವಾಗ ಮುಚ್ಚಳವಿರುವ ಬುಟ್ಟಿಯಲ್ಲಿ ಅದರ ಹಳೆಯ ಹಾಸನ್ನೇ ಹಾಕಿ, ಮೇಲೊಂದು ಬಟ್ಟೆ ಹೊದಿಸಿ. ಗೋಣಿಚೀಲ ಬೇಡ. ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಕೊನೆಯ ಊಟ ಯಾವಾಗ, ನೀರು ಎಷ್ಟು, ಮೂತ್ರ ಮಲ ಯಾವಾಗ, ವಾಂತಿಯೇ, ಹಿಂದಿನ ತೂಕವೇನು. ತೂಕ ನೋಡುವುದು ಸುಲಭ. ಬೆಕ್ಕನ್ನೆತ್ತಿಕೊಂಡು ತಕ್ಕಡಿ ಹತ್ತಿ, ಆಮೇಲೆ ನೀವೊಬ್ಬರೇ ಹತ್ತಿ ಕಳೆದರಾಯಿತು. ಸಣ್ಣ ವ್ಯತ್ಯಾಸ ತಿಳಿಯಲು ಎಳೆಮಕ್ಕಳ ತಕ್ಕಡಿ ಇನ್ನೂ ಒಳ್ಳೆಯದು. ನಾಲ್ಕು ಕಿಲೋ ಬೆಕ್ಕು 400 ಗ್ರಾಂ ಇಳಿದರೆ ಅದು 60 ಕಿಲೋ ಮನುಷ್ಯ 6 ಕಿಲೋ ಇಳಿದ ಹಾಗೆ. ತಾಲ್ಲೂಕಿನ ಆಸ್ಪತ್ರೆಯಲ್ಲಿ ಸಲೈನು, ಚುಚ್ಚುಮದ್ದು ಸಿಗುತ್ತವೆ. ರಕ್ತಪರೀಕ್ಷೆ, ಸ್ಕ್ಯಾನು, ನಳಿಕೆಯ ಆಹಾರ ಬೇಕಾದರೆ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರಿನಂಥ ಪಶುವೈದ್ಯಕೀಯ ಕಾಲೇಜುಗಳಿರುವ ಊರುಗಳಿಗೋ ದೊಡ್ಡ ಊರಿನ ಖಾಸಗಿ ಚಿಕಿತ್ಸಾಲಯಗಳಿಗೋ ಹೋಗಬೇಕಾದೀತು.

ನಳಿಕೆ ಎಂದ ಕೂಡಲೇ ಮನೆಯವರು ಬೆಚ್ಚುತ್ತಾರೆ. "ಈ ವಯಸ್ಸಿನಲ್ಲಿ ಅದಕ್ಕೆ ಯಾಕೆ ಹಿಂಸೆ?" ನಾನೂ ಹಾಗೇ ಅಂದುಕೊಂಡಿದ್ದೆ. ಕೆಂಚನಿಗೆ ಮೊದಲು ಮೂಗಿನ ಮೂಲಕ ಸಣ್ಣ ನಳಿಕೆ ಹಾಕಿ ನಾಲ್ಕು ದಿನ ಸುಧಾರಿಸಿಕೊಳ್ಳಲು ಬಿಟ್ಟರು. ಆಮೇಲೆ ಸ್ವಲ್ಪ ಹೊತ್ತಿನ ಅರಿವಳಿಕೆಯಲ್ಲಿ ಆ ಹಲ್ಲನ್ನು ಕಿತ್ತು, ಕತ್ತಿನ ಪಕ್ಕದಿಂದ ಅನ್ನನಾಳಕ್ಕೆ ನಳಿಕೆ ಕೂರಿಸಿ, ಪಟ್ಟಿ ಸುತ್ತಿ ಮನೆಗೆ ಕಳಿಸಿದರು. ಬಾಯಿಗೆ ಒತ್ತಾಯವಿಲ್ಲ, ಜಗಳವಿಲ್ಲ. 78ರ ನಮ್ಮ ತಾಯಿ ದಿನಕ್ಕೆ ಐದು ಸಲ, ಗಡಿಯಾರ ನೋಡಿಕೊಂಡು, ಬೆಚ್ಚಗಿನ ಗಂಜಿಯನ್ನು ನಿಧಾನವಾಗಿ ಬಿಟ್ಟು, ಕೊನೆಗೆ ನೀರು ಬಿಟ್ಟು ನಳಿಕೆ ತೊಳೆಯುತ್ತಿದ್ದರು. ಕೆಂಚ ಅವರ ಮಡಿಲಲ್ಲಿ ಕಣ್ಣುಮುಚ್ಚಿ ಕೂತಿರುತ್ತಿದ್ದ. ಗಂಜಿಯ ಮೀನನ್ನು ಹಾರ್ನ್ ಹೊಡೆಯುತ್ತ ಬರುವ ಬೈಕಿನವನಿಂದ ಕೊಂಡು, ಪಕ್ಕದ ಮನೆಯಾಕೆಯಿಂದ ಬೇಯಿಸಿ ಅರೆಸಿ ತರುತ್ತಿದ್ದರು. ಜೀವಮಾನದಲ್ಲಿ ಮೀನು ಮುಟ್ಟಿದವರಲ್ಲ. ಐದನೆಯ ವಾರ ಒಂದು ಬೆಳಿಗ್ಗೆ ತಾನೇ ತಟ್ಟೆ ನೆಕ್ಕಿದ. ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡ ಸವೆಯುತ್ತಿರುವುದೂ ಗೊತ್ತಾಗಿತ್ತು. ಆಮೇಲೆ ಅದಕ್ಕೆ ತಕ್ಕ ಆಹಾರ, ಮನೆಯ ನಾಲ್ಕು ಕಡೆ ನೀರು.

ಹಾಗೆಂದು ಎಲ್ಲ ಬೆಕ್ಕಿಗೂ ನಳಿಕೆ ಹಾಕಿಸಿ ಎಂದು ನಾನು ಹೇಳುತ್ತಿಲ್ಲ. ಊಟ ಬಿಡಿಸಿದ ಕಾರಣ ವಾಸಿಯಾಗುವಂಥದ್ದೇ ಎಂದು ವೈದ್ಯರನ್ನು ನೇರವಾಗಿ ಕೇಳಿ. ಆಗುವಂಥದ್ದಾದರೆ ವಯಸ್ಸು ಅಡ್ಡಿಯಲ್ಲ. ಆಗದಂಥದ್ದಾದರೆ, ಹಿಂಸೆಯನ್ನು ಉದ್ದ ಮಾಡುವುದರಲ್ಲಿ ಅರ್ಥವಿಲ್ಲ. ನಿರ್ಧಾರ ಕಷ್ಟವಾದಾಗ ನಮ್ಮ ತಾಯಿಯವರು ಮಾಡಿದ್ದು ಒಂದು ದಾರಿ. ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ, ಕೆಂಚ ತಾನಾಗಿ ತಿಂದು ಬಿಸಿಲಿಗೆ ಬಂದು ಕೂತ ದಿನಕ್ಕೆ ಒಂದು ಸೊನ್ನೆ ಸುತ್ತುತ್ತಿದ್ದರು.

ಮತ್ತೆ ಒಂದು ವರ್ಷ ನಾಲ್ಕು ತಿಂಗಳು ಕೆಂಚ ಇದ್ದ. 2018ರ ದೀಪಾವಳಿಯ ಹೊತ್ತಿಗೆ ಮತ್ತೆ ಊಟ ಬಿಟ್ಟ. ಈ ಸಲ ನಾನು ಆ ದಿನವೇ ಹೊರಟೆ. ಸಲೈನು ಕೊಟ್ಟೆವು, ಔಷಧ ಕೊಟ್ಟೆವು. ಮೂತ್ರಪಿಂಡದಲ್ಲಿ ಇನ್ನೇನೂ ಉಳಿದಿರಲಿಲ್ಲ. ತಾಯಿಯವರು ಕ್ಯಾಲೆಂಡರಿನ ಹಾಳೆ ತಿರುವಿ ತೋರಿಸಿದರು. ಭಾದ್ರಪದದಲ್ಲಿ ಸೊನ್ನೆಗಳು ಒತ್ತೊತ್ತಾಗಿದ್ದವು, ಆಶ್ವಯುಜದಲ್ಲಿ ಅಲ್ಲೊಂದು ಇಲ್ಲೊಂದು, ಆಮೇಲೆ ಹನ್ನೊಂದು ದಿನ ಖಾಲಿ. "ಇನ್ನು ಸಾಕು ಕಣೋ, ಅವನಿಗೂ ಸಾಕಾಗಿದೆ" ಎಂದರು. ಚುಚ್ಚುಮದ್ದು ಕೊಡಲು ನನ್ನ ಕೈ ಬರಲಿಲ್ಲ, ಸ್ನೇಹಿತರೊಬ್ಬರು ಬಂದರು. ಮೊದಲು ನಿದ್ದೆಯ ಮದ್ದು, ಆಮೇಲೆ ಇನ್ನೊಂದು. ಅವರ ಮಡಿಲಲ್ಲೇ ಆಯಿತು.

ಮರುದಿನ ಬೆಳಿಗ್ಗೆ ಮೀನಿನ ಹಾರ್ನ್ ಕೇಳಿತು. ತಾಯಿಯವರು ಎದ್ದು ಗೇಟಿನವರೆಗೆ ಹೋಗಿ, ಹಿಂದಿನ ವಾರದ ಬಾಕಿ ಕೊಟ್ಟು, ಇನ್ನು ನಮ್ಮ ಮನೆಯ ಮುಂದೆ ನಿಲ್ಲಿಸಬೇಕಾಗಿಲ್ಲ ಎಂದು ಹೇಳಿ ಬಂದರು.